ಲಸಿಕೆ ಗಾಡಿಯಲ್ಲಿ ಎರಡು ದಿನ

"ಮೇಡಂ, ಇದು ಮೂರನೇ ಸಲ."

ದನಿ ಏರಿಸಬಾರದೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಗ್ಯಾರೇಜಿನ ಬಾಗಿಲಲ್ಲೇ ಅದು ಮರೆತುಹೋಯಿತು.

ಅವಳು ಬಾನೆಟ್ಟಿನ ಕೆಳಗಿನಿಂದ ತಲೆ ಎತ್ತಲಿಲ್ಲ. "ಬ್ಯಾಟರಿ ಹನ್ನೆರಡೂವರೆ ವೋಲ್ಟ್ ಇದೆ. ಇಂಜಿನ್ ಆನ್ ಮಾಡಿದ್ರೆ ಹದಿನಾಲ್ಕು ದಾಟುತ್ತೆ. ಬೆಲ್ಟ್ ಬಿಗಿಯಾಗಿದೆ. ಚಾರ್ಜಿಂಗ್ ಸರಿಯಾಗೇ ಇದೆ ಸರ್."

"ನಿಮ್ಮ ಕಣ್ಣೆದುರು ಸರಿಯಾಗಿರುತ್ತೆ, ನನ್ನ ಕೈಯಲ್ಲಿ ಸಾಯುತ್ತೆ. ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?"

ಈಗ ಅವಳು ತಲೆ ಎತ್ತಿದಳು. ಬಲಗೈಯಲ್ಲಿ ಬಳೆಯ ಹಾಗೆ ಕಪ್ಪು ಟೇಪಿನ ಸುರುಳಿ. ಜಗಳಕ್ಕೆ ನಿಂತವರನ್ನು ನೋಡುವ ನೋಟವಲ್ಲ ಅದು. ಹೊಸ ಗಾಡಿಯೊಂದು ಒಳಗೆ ಬಂದಾಗ ನೋಡುವ ಹಾಗೆ, ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಸುಳ್ಳು ಅಂತ ನಾನೆಲ್ಲಿ ಹೇಳಿದೆ? ನೀವು ನೋಡಿದ್ದನ್ನ ನನ್ನ ಮೀಟರ್ ಇನ್ನೂ ನೋಡಿಲ್ಲ. ಅಷ್ಟೇ."

ಹದಿನೈದು ದಿನಗಳಿಂದ ಅವನ ಮಾತನ್ನು ಯಾರೂ ನಂಬಿರಲಿಲ್ಲ.

ಅವನು ಮಕ್ಕಳಿಗೆ ಲಸಿಕೆ ಹಾಕುವ ನರ್ಸ್. ಮಕ್ಕಳ ಬಾಯಲ್ಲಿ 'ಸೂಜಿ ಮಾಮ'. ವಾರಕ್ಕೆ ಎರಡು ದಿನ ಕಲ್ಲು ಕ್ವಾರಿಯ ಆಚೆಗಿನ ಮನೆಗಳಿಗೆ ಹೋಗಬೇಕು. ಹಿಂದಿನ ಸೀಟಿನಲ್ಲಿ ಲಸಿಕೆಯ ಕೋಲ್ಡ್ ಬಾಕ್ಸ್. ಅದಕ್ಕೆ ಕರೆಂಟ್ ಗಾಡಿಯದ್ದೇ. ಎರಡು ವಾರದ ಹಿಂದೆ ಗಾಡಿ ನಡುದಾರಿಯಲ್ಲಿ ನಿಂತು, ಸುಡುಬಿಸಿಲಲ್ಲಿ ಬಾಕ್ಸ್ ಬೆಚ್ಚಗಾಗಿ, ನಲವತ್ತು ಸೀಸೆಗಳನ್ನು ಎಸೆಯಬೇಕಾಯಿತು. ಮೂರು ಗಂಟೆ ಕಾದಿದ್ದ ತಾಯಂದಿರು ಬರಿಗೈಯಲ್ಲಿ ಮನೆಗೆ ಹೋದರು. ಬ್ಯಾಟರಿ ಬದಲಾಯಿಸಿದ್ದಾಯಿತು, ಮತ್ತೆ ಅದೇ ಕಥೆ. ಇನ್ನೊಂದು ಸಲ ಹೀಗಾದರೆ ಆ ದಾರಿಯನ್ನೇ ಪಟ್ಟಿಯಿಂದ ತೆಗೆಯುತ್ತೇನೆ ಎಂದು ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು.

ಇದನ್ನೆಲ್ಲ ಕೇಳಿಸಿಕೊಂಡ ಅವಳು ಪ್ರಶ್ನೆಗಳನ್ನು ಶುರು ಮಾಡಿದಳು. ಎಷ್ಟು ಹೊತ್ತು ಓಡಿಸಿದ ಮೇಲೆ? ಏನೇನು ಆನ್ ಇತ್ತು? ಸ್ಟೀರಿಂಗಿನ ಎದುರಿಗಿನ, ಬ್ಯಾಟರಿ ಗುರುತಿನ ಕೆಂಪು ದೀಪ ಒಂದೇ ಸಮ ಉರಿಯಿತೇ, ಮಿಣಮಿಣ ಎಂದಿತೇ? ಡಾಕ್ಟರು ಕೂಡ ರೋಗಿಯನ್ನು ಇಷ್ಟು ತಾಳ್ಮೆಯಿಂದ ಕೇಳುವುದನ್ನು ಅವನು ಕಂಡಿರಲಿಲ್ಲ.

"ಮಿಣಮಿಣ ಅಂತು. ಹೊರಟು ಮುಕ್ಕಾಲು ಗಂಟೆ ಆದ್ಮೇಲೆ. ಯಾವಾಗ್ಲೂ ಕ್ವಾರಿ ದಾರಿಯಲ್ಲೇ."

"ಅಂದ್ರೆ ಚೆನ್ನಾಗಿ ಬಿಸಿಯಾಗ್ಬೇಕು, ಚೆನ್ನಾಗಿ ಕುಲುಕ್ಬೇಕು. ಇಲ್ಲಿ ನೆರಳಲ್ಲಿ ನಿಲ್ಲಿಸ್ಕೊಂಡು ನೋಡಿದ್ರೆ ಅದು ಸಭ್ಯಸ್ಥನ ಹಾಗೇ ಇರುತ್ತೆ. ನಾನೂ ಬರ್ತೀನಿ."

"ಎಲ್ಲಿಗೆ?"

"ನಿಮ್ಮ ಜೊತೆ. ಕ್ವಾರಿಗೆ."

ಪಕ್ಕದ ಗಾಡಿಯ ಅಡಿಯಿಂದ ಎರಡು ಕಾಲು ಅಲ್ಲಾಡಿದವು. ಅವಳ ಅಣ್ಣ. "ಹೋಗಿ ಬಾ. ನನ್ನ ಹನ್ನೆರಡನೇ ನಂಬರ್ ಸ್ಪ್ಯಾನರ್ ಮಾತ್ರ ತಗೊಂಡು ಹೋಗ್ಬೇಡ, ಹೋದ ಸಲದ್ದೇ ಇನ್ನೂ ಬಂದಿಲ್ಲ."

ಮಾರನೆಯ ದಿನ ಬೆಳಿಗ್ಗೆ ಅವಳು ಎರಡು ಮೀಟರ್ ಹಿಡಿದು ಬಂದಳು. ಒಂದರ ವಯರನ್ನು ಬ್ಯಾಟರಿಗೆ, ಇನ್ನೊಂದರದ್ದನ್ನು ಆಲ್ಟರ್ನೇಟರಿನ ಹಿಂಬದಿಗೆ ಕಟ್ಟಿ, ಕಿಟಕಿಯಿಂದ ಒಳಗೆಳೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಎರಡ್ಯಾಕೆ?"

"ಕರೆಂಟ್ ಹುಟ್ಟೋದು ಆಲ್ಟರ್ನೇಟರಲ್ಲಿ, ಸೇರೋದು ಬ್ಯಾಟರಿಗೆ. ಹುಟ್ಟೋ ಕಡೆ ಸರಿಯಿದ್ದು ಸೇರೋ ಕಡೆ ಕಮ್ಮಿಯಾದ್ರೆ ನಡುವಿನ ವಯರ್ ಕೆಟ್ಟಿದೆ ಅಂತ. ಎರಡೂ ಕಡೆ ಒಟ್ಟಿಗೆ ಬಿದ್ರೆ ಆಲ್ಟರ್ನೇಟರೇ ಕಳ್ಳ. ಸುಮ್ಮನೆ ಊಹೆ ಮಾಡಿ ಒಂದೊಂದೇ ಬಿಚ್ಚಿ ಎಸೆಯೋದು ನನಗಾಗಲ್ಲ."

ಅವತ್ತು ಗಾಡಿ ಕೆಡಲಿಲ್ಲ. ಕ್ವಾರಿ ದಾರಿಯಲ್ಲಿ ಮೋಡ ಮುಸುಕಿತ್ತು. ಅವನು ಬೇಕೆಂದೇ ಗುಂಡಿಗಿಳಿಸಿದ, ಕಲ್ಲು ಹತ್ತಿಸಿದ.

"ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು," ಎನ್ನುತ್ತಿದ್ದಳು ಅವಳು. "ಸರ್, ಗಾಡಿಗಿಂತ ಮೊದ್ಲು ನನ್ನ ಸೊಂಟ ಬಿಚ್ಚಿ ಬರುತ್ತೆ."

"ನಾಳೆ ಖಂಡಿತ ಕೆಡುತ್ತೆ."

"ಗಾಡಿ ಕೆಡಲಿ ಅಂತ ಇಷ್ಟು ಆಸೆಪಡೋರನ್ನ ನಾನು ಎಲ್ಲೂ ನೋಡಿಲ್ಲ." ಕಿಟಕಿಯ ಕಡೆ ತಿರುಗಿಕೊಂಡರೂ ಅವಳ ಕೆನ್ನೆ ನಗುತ್ತಿದ್ದುದು ಅವನಿಗೆ ಕಂಡಿತು.

ಲಸಿಕೆ ಹಾಕುವಾಗ ಅವಳು ಸುಮ್ಮನೆ ಕೂರಲಿಲ್ಲ. ಅಳುವ ಕೂಸೊಂದನ್ನು ಎತ್ತಿಕೊಂಡು ಮೀಟರಿನ ಅಂಕಿಗಳನ್ನು ತೋರಿಸಿದಳು. ಕೂಸು ಅಂಕಿ ನೋಡುತ್ತಿದ್ದಾಗಲೇ ಅವನು ಸೂಜಿ ಚುಚ್ಚಿ ತೆಗೆದಿದ್ದ. ಅದಕ್ಕೆ ಅಳಬೇಕೆಂದು ನೆನಪಾಗುವಷ್ಟರಲ್ಲಿ ಕೆಲಸ ಮುಗಿದಿತ್ತು.

"ನಿಮ್ಮ ಕೈ ಎಷ್ಟು ಹಗುರ!" ಎಂದಳು.

ದೊಡ್ಡವರಿಂದ ಅವನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ವಾಪಸು ಬರುವಾಗ ಅವನು ಗಾಡಿಯನ್ನು ಒಂದು ಗುಂಡಿಗೂ ಇಳಿಸಲಿಲ್ಲ.

ಎರಡನೆಯ ದಿನ ಬಿಸಿಲು ಬೆಂಕಿಯಂತಿತ್ತು. ಕ್ವಾರಿಯ ಏರು ಹತ್ತುವಾಗ ಅವಳ ಎಣಿಕೆ ತಟ್ಟನೆ ನಿಂತಿತು.

"ಬಿತ್ತು! ಹನ್ನೆರಡು ಪಾಯಿಂಟ್ ಒಂದು. ಎರಡೂ ಒಟ್ಟಿಗೇ ಬಿತ್ತು!"

ಕೆಂಪು ದೀಪ ಮಿಣುಕಿತು. ಹಿಂದೆ ಬಾಕ್ಸಿನಲ್ಲಿ ಮೂವತ್ತೊಂದು ಮಕ್ಕಳ ಲಸಿಕೆ.

"ಇಂಜಿನ್ ಆಫ್ ಮಾಡ್ಬೇಡಿ. ಬಾಕ್ಸ್ ಒಂದು ಬಿಟ್ಟು ಫ್ಯಾನು, ರೇಡಿಯೋ ಎಲ್ಲ ಆಫ್. ಬ್ಯಾಟರಿ ಇನ್ನೂ ಸ್ವಲ್ಪ ಹೊತ್ತು ತಡೆಯುತ್ತೆ. ಪಕ್ಕಕ್ಕೆ ನಿಲ್ಸಿ."

ಅವಳ ದನಿಯಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. ಕೆಳಗಿಳಿದು, ಜಡೆಯನ್ನು ಅಂಗಿಯೊಳಗೆ ತುರುಕಿ, ತೋಳು ಮಡಚಿ, ಓಡುತ್ತಿರುವ ಇಂಜಿನ್ನಿನ ಮೇಲೆ ಬಾಗಿದಳು. ಬೆಲ್ಟಿನಿಂದ ಕೈ ದೂರವಿಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ಆಲ್ಟರ್ನೇಟರಿನ ಬೆನ್ನಿಗೆ ಟಕ್ ಟಕ್ ಎಂದು ಎರಡು ಪೆಟ್ಟು ಕೊಟ್ಟಳು.

"ಈಗ ಎಷ್ಟು?"

ಅವನು ಮೀಟರ್ ನೋಡಿದ. ನಂಬಲಾಗದೆ ಇನ್ನೊಮ್ಮೆ ನೋಡಿದ. "ಹದಿನಾಲ್ಕು! ಏನು ಮಾಡಿದ್ರಿ?"

"ಬೆನ್ನು ತಟ್ಟಿದೆ. ಪಾಪ, ಅದಕ್ಕೂ ಆಸೆ ಇರಲ್ವಾ?" ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕಳು. "ಒಳಗೆ ಕಾರ್ಬನ್ ಬ್ರಷ್ ಸವೆದಿದೆ ಸರ್. ತಿರುಗೋ ಭಾಗಕ್ಕೆ ಅದು ಅಂಟ್ಕೊಂಡೇ ಇರ್ಬೇಕು. ಸವೆದು ಗಿಡ್ಡ ಆದಾಗ ಬಿಸಿಗೆ, ಕುಲುಕಾಟಕ್ಕೆ ಬಿಟ್ಟುಬಿಡುತ್ತೆ. ತಟ್ಟಿದ್ರೆ ಮತ್ತೆ ತಾಗುತ್ತೆ. ನಿಮ್ಮದು ಭ್ರಮೆ ಅಲ್ಲ."

ಕೊನೆಯ ಮಾತಿಗೆ ಅವನು ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡ. ಅವಳು ಅದನ್ನು ಗಮನಿಸಿಯೂ ಗಮನಿಸದವಳಂತೆ ಬಾನೆಟ್ ಮುಚ್ಚುವ ನೆಪದಲ್ಲಿ ಒಂದು ನಿಮಿಷ ಹೆಚ್ಚೇ ತೆಗೆದುಕೊಂಡಳು.

ಆಚೆಗಿನ ಮನೆಗಳನ್ನು ಮುಟ್ಟುವಷ್ಟರಲ್ಲಿ ಇನ್ನೆರಡು ಸಲ ಇಳಿದು ಬೆನ್ನು ತಟ್ಟಬೇಕಾಯಿತು. ಆದರೆ ಮೂವತ್ತೊಂದು ಮಕ್ಕಳಿಗೂ ಲಸಿಕೆ ಬಿತ್ತು. ಒಂದು ಸೀಸೆಯೂ ಹಾಳಾಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಗ್ಯಾರೇಜಿಗೆ ಮರಳಿದರು. ಅವಳು ನೀರನ್ನೂ ಕುಡಿಯದೆ ಆಲ್ಟರ್ನೇಟರ್ ಬಿಚ್ಚಿದಳು. ಒಂದು ಬ್ರಷ್ ಸುಮಾರಾಗಿತ್ತು, ಇನ್ನೊಂದು ಅಕ್ಕಿ ಕಾಳಿನಷ್ಟು ಉಳಿದಿತ್ತು. ಹೊಸದನ್ನು ಬೆಸುಗೆ ಹಾಕುವಾಗ ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಸ್ಟೂಲಿನ ಮೇಲೆ ಕೂತು ಅವನು ನೋಡುತ್ತಲೇ ಇದ್ದ. ದಿನಕ್ಕೆ ನೂರು ಸಲ ಸೂಜಿ ಹಿಡಿಯುವವನಿಗೆ ನಡುಗದ ಕೈಯ ಬೆಲೆ ಗೊತ್ತು.

"ಮುಗೀತು," ಎಂದಳು. "ಇನ್ನು ಇದು ನಿಲ್ಲಲ್ಲ."

"ಇಷ್ಟು ಬೇಗನಾ?" ಬಾಯಿ ತಪ್ಪಿ ಬಂದುಬಿಟ್ಟಿತು.

ಅವಳು ಕೈ ಒರೆಸುವ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಒಂದು ಮಾತು ಹೇಳ್ಲಾ? ನಿನ್ನೆ ಗಾಡಿ ಕೆಡಲಿಲ್ವಲ್ಲ, ನನಗೆ ಒಳಗೊಳಗೇ ಖುಷಿಯಾಯ್ತು. ಇನ್ನೊಂದು ದಿನ ಬರ್ಬಹುದು ಅಂತ. ಆಮೇಲೆ ಆ ತಾಯಂದಿರನ್ನ ನೋಡಿ ನಾಚಿಕೆ ಆಯ್ತು. ಅದಕ್ಕೇ ಇವತ್ತೇ ಮುಗಿಸ್ದೆ."

ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. "ನಾನು ನಿನ್ನೆ ಬರುವಾಗ ಗುಂಡಿ ತಪ್ಪಿಸಿ ಓಡಿಸಿದ್ದು ಯಾಕೆ ಅಂದ್ಕೊಂಡ್ರಿ?"

ಅವಳು ನಗಲಿಲ್ಲ. "ಸರ್, ಮೊದಲೇ ಹೇಳ್ಬಿಡ್ತೀನಿ. ಎರಡು ವರ್ಷದ ಹಿಂದೆ ನನಗೊಂದು ಸಂಬಂಧ ಗೊತ್ತಾಗಿತ್ತು. ಕೈ ಮಸಿಯಾಗೋ ಕೆಲಸ ಬಿಟ್ಟು ಬಾ ಅಂದ್ರು. ಸಂಬಂಧಾನೇ ಬಿಟ್ಟೆ. ಈಗ ಕೇಳಿದ್ರೂ ಅದನ್ನೇ ಹೇಳ್ತೀನಿ."

ಅವನು ಎದ್ದು ಬಂದ. ಮಸಿ ಮೆತ್ತಿದ ಅವಳ ಬೆರಳುಗಳ ಕಡೆ ನೋಡಿ ಮೆಲ್ಲಗೆ ಹೇಳಿದ: "ಇವತ್ತು ಮೂವತ್ತೊಂದು ಮಕ್ಕಳಿಗೆ ಚುಚ್ಚಿದ್ದು ನಾನು. ಅವರ ಮನೆ ಬಾಗಿಲವರೆಗೆ ಲಸಿಕೆ ಮುಟ್ಟಿಸಿದ್ದು ಈ ಕೈ. ಈ ಕೆಲಸ ಬಿಡು ಅನ್ನೋಕೆ ನನಗೆ ತಲೆ ಕೆಟ್ಟಿದೆಯಾ?"

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಮಸಿ ಕೈ ಎತ್ತಿದಳು. ಅವನು ತಡೆದು ತನ್ನ ಕರ್ಚೀಫ್ ಕೊಟ್ಟ. ಆ ಒಂದು ಕ್ಷಣ ಇಬ್ಬರ ಬೆರಳೂ ಅದರಲ್ಲೇ ಉಳಿದವು.

ಪಕ್ಕದ ಗಾಡಿಯ ಅಡಿಯಿಂದ ಅಣ್ಣನ ದನಿ ಬಂತು: "ನಾನು ಇಲ್ಲೇ ಇದ್ದೀನಿ. ಸುಮ್ನೆ ತಿಳಿಸಿದೆ ಅಷ್ಟೇ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ಇಳಿದ ಮೇಲೆ ಅವಳು ಕರ್ಚೀಫನ್ನು ನೋಡುತ್ತ ಹೇಳಿದಳು: "ಭಾನುವಾರ ಅಮ್ಮ ಮನೇಲಿರ್ತಾರೆ. ಹನ್ನೊಂದಕ್ಕೆ ಬನ್ನಿ."

"ಹತ್ತಕ್ಕೆ ಬಂದ್ರೆ?"

"ಹತ್ತಕ್ಕೆ ಬೇಡ. ತಲೆಗೆ ಸ್ನಾನ ಮಾಡಿ ಕೂದಲು ಹರಡ್ಕೊಂಡು ಕೂತಿರ್ತೀನಿ."

"ಹಾಗಾದ್ರೆ ಹತ್ತಕ್ಕೇ ಬರ್ತೀನಿ."

ಭಾನುವಾರ ಅವನು ಒಂಬತ್ತೂ ಮುಕ್ಕಾಲಿಗೇ ಬಂದ. ಬಾಗಿಲು ತೆರೆದವಳು ಅವಳೇ. ಒದ್ದೆ ಕೂದಲಿನಿಂದ ನೀರು ಹನಿಯುತ್ತಿತ್ತು. ಗಡಿಯಾರದ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು, ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಒಳಗೆ ಬನ್ನಿ," ಎಂದಳು. ಗ್ಯಾರೇಜಿನ ಆ 'ಸರ್' ಅಂದು ಅವಳ ಬಾಯಲ್ಲಿ ಇರಲಿಲ್ಲ.