ಪಿನ್ನಿನ ಜಾಗದಲ್ಲಿ ತಂತಿ

ದೀಕ್ಷಿತಾ ಅವನ ಮುಖವನ್ನು ಮೊದಲ ಸಲ ನೋಡಿದ್ದು ತಲೆಕೆಳಗಾಗಿ.

ಲೈಸನ್ಸ್ ಸಿಕ್ಕಿ ವಾರವಾಗಿತ್ತಷ್ಟೆ. ಕಬಕದಾಚೆಯ ಪದವಿನ ಬಯಲಿನಲ್ಲಿ ಅವಳು ಇಳಿಸಿದ ಎರಡು ಸೀಟಿನ ವಿಮಾನ ನೆಲ ಮುಟ್ಟಿದ ಕೂಡಲೇ ಎಡಗಾಲಿ ಕಳಚಿಕೊಂಡು ಮಗುಚಿಬಿದ್ದಿತ್ತು. ಬೆಲ್ಟಿನಲ್ಲಿ ನೇತಾಡುತ್ತಿದ್ದವಳಿಗೆ ಆಕಾಶ ಕಾಲಡಿಯಲ್ಲಿತ್ತು, ಒಣಹುಲ್ಲು ತಲೆಯ ಮೇಲೆ ತೂಗುತ್ತಿತ್ತು.

"ಪೆಟ್ರೋಲ್ ಸೋರ್ತಾ ಉಂಟು. ನಾನು ಬೆಲ್ಟ್ ಬಿಚ್ಚುದು, ನೀವು ನನ್ನ ಕುತ್ತಿಗೆ ಹಿಡ್ಕೊಳ್ಳಿ."

"ನೀವು ಯಾರು?"

"ಕೌಶಲ್. ಹೊಸ ಮೆಕ್ಯಾನಿಕ್. ಪರಿಚಯ ಆಮೇಲೆ ಮಾಡುವ."

ಅವನ ಕೈಯಲ್ಲಿ ಗ್ರೀಸಿನ ವಾಸನೆ. ಅವನ ಮೇಲೆ ಬಿದ್ದ ಅರೆಕ್ಷಣ, ಇನ್ನೂ ಹಾರುತ್ತಲೇ ಇದ್ದೇನೆ ಅನಿಸಿತು ಅವಳಿಗೆ...

ತರಬೇತಿ ಕೇಂದ್ರದ ಯಜಮಾನ ಉದಯಶಂಕರ ಒಂದೇ ಮಾತಿನಲ್ಲಿ ಮುಗಿಸಿದರು: "ಹುಡುಗಿ ಜೋರು ಇಳಿಸಿದ್ಳು, ಗಾಲಿ ಹೋಯ್ತು."

ದೀಕ್ಷಿತಾ ನಂಬಿದಳು. ಭುಜದ ಎಲುಬು ಕೂಡಿತು, ಕೈಯ ಮೇಲಿನ ನಂಬಿಕೆ ಕೂಡಲಿಲ್ಲ. ಸವಣೂರಿನ ಮನೆಯ ಜಗಲಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಒಂಟಿ ಗಾಲಿ ಮೋಡದ ಮೇಲೆ ಸದ್ದಿಲ್ಲದೆ ಉರುಳಿಹೋಗುತ್ತಿತ್ತು.

ಕೌಶಲ್ ಪ್ರತಿ ಭಾನುವಾರ ಅರಂತೋಡಿನಿಂದ ಬೈಕಿನಲ್ಲಿ ಬರುತ್ತಿದ್ದ. ಅಮ್ಮ ವಾರಿಜಾಕ್ಷಿ ಕೇಳಿಯೇಬಿಟ್ಟರು: "ಎಂತ ಮಾರಾಯ, ನಮ್ಮಲ್ಲಿ ವಿಮಾನ ಉಂಟಾ ರಿಪೇರಿಗೆ?"

ಅವನು ನಕ್ಕ. ಅವನು ನಗುವುದನ್ನೇ ವಾರವಿಡೀ ಕಾಯುತ್ತಿದ್ದೇನೆಂದು ದೀಕ್ಷಿತಾಗೆ ಗೊತ್ತಾಗಿತ್ತು.

ಹದಿಮೂರನೆಯ ಭಾನುವಾರ ಅವಳೆಂದಳು: "ನಾನು ಹಾರುದು ಬಿಟ್ಟೆ. ನನ್ನ ಕೈ ಸರಿ ಇಲ್ಲ."

ಕೌಶಲ್ ಜೇಬಿನಿಂದ ತಂತಿಯ ತುಂಡೊಂದನ್ನು ತೆಗೆದು ಜಗಲಿಯ ಮೇಲಿಟ್ಟ.

"ನಿಮ್ಮ ಕೈ ಸರಿ ಉಂಟು. ಗಾಲಿಯ ನಟ್ಟು ಬಿಚ್ಚದ ಹಾಗೆ ಪಿನ್ ಹಾಕ್ಬೇಕಿತ್ತು. ಪಿನ್ ಇರ್ಲಿಲ್ಲ, ನಾನು ಇದನ್ನು ಸುತ್ತಿದೆ. ಅಪ್ಪನ ಜೀಪಿಗೆ ಹೀಗೇ ಸುತ್ತಿ ಐದು ವರ್ಷ ರಬ್ಬರ್ ಶೀಟ್ ಹೊತ್ತಿದ್ದೇವೆ. ತಡೀತದೆ ಅಂತ ಗ್ರಹಿಸಿದೆ. ತಡೀಲಿಲ್ಲ, ತುಂಡಾಗಿ ಹುಲ್ಲಲ್ಲಿ ಸಿಕ್ಕಿತು."

"ಮೂರು ತಿಂಗಳು ಇದನ್ನು ಜೇಬಲ್ಲಿಟ್ಟು ನನ್ನೆದುರು ಕೂತಿದ್ರಾ?"

"ಹೇಳ್ಲಿಕ್ಕೆ ಅಂತಲೇ ಬರ್ತಿದ್ದೆ. ಹೇಳಿದ್ರೆ ಮತ್ತೆ ಬರ್ಲಿಕ್ಕೆ ಆಗುದಿಲ್ಲಲ್ಲ..."

"ಹೋಗಿ."

ಅವನು ಹೋದ. ತಂತಿಯನ್ನು ಬಿಟ್ಟುಹೋದ.

ಮರುವಾರ ಅಪಘಾತದ ತನಿಖೆಯವರ ಫೋನ್. ಕೌಶಲ್ ತಪ್ಪೊಪ್ಪಿ ಬರೆದುಕೊಟ್ಟಿದ್ದ. ಸಾಕ್ಷಿ ದೀಕ್ಷಿತಾ ಬಳಿ ಇದೆ ಎಂದೂ ಬರೆದಿದ್ದ. ಅವಳು ತಂತಿಯನ್ನು ಕಳಿಸಿದಳು. ಅವಳ ಮೇಲಿನ ಆಪಾದನೆ ಹೋಯಿತು; ವಿಮಾನ ಹಾರಲು ಸರಿ ಇದೆಯೆಂದು ಸಹಿ ಹಾಕುವ ಅವನ ಹಕ್ಕು ಒಂದು ವರ್ಷದ ಮಟ್ಟಿಗೆ ಹೋಯಿತು.

ಭಾನುವಾರಗಳು ಬಂದವು. ಬೈಕಿನ ಸದ್ದು ಬರಲಿಲ್ಲ. ಕನಸಿನ ಗಾಲಿ ಈಗ ಮೋಡದಿಂದ ಇಳಿದು ಅವಳ ಗೇಟಿನವರೆಗೆ ಬಂದು ನಿಲ್ಲುತ್ತಿತ್ತು.

ಎರಡು ತಿಂಗಳ ನಂತರ ಒಂದು ಬೆಳಗ್ಗೆ, ಪದವಿನ ಮಂಜು ಕರಗುವ ಹೊತ್ತಿಗೆ ದೀಕ್ಷಿತಾ ಅಲ್ಲಿದ್ದಳು. ರಿಪೇರಿಯಾದ ವಿಮಾನವನ್ನು ಕೌಶಲ್ ಒರೆಸುತ್ತಿದ್ದ. ಅವಳು ಅಂಗೈ ಬಿಡಿಸಿದಳು. ಹೊಸ ಪಿನ್.

"ಹಾಕಿ."

"ನಾನು ಸಹಿ ಹಾಕುವ ಹಾಗಿಲ್ಲ."

"ಸಹಿ ಹಿರಿಯ ಮೆಕ್ಯಾನಿಕ್ ವೆಂಕಟ್ರಮಣಣ್ಣ ಹಾಕ್ತಾರೆ. ಪಿನ್ ನೀವು ಹಾಕುದು. ನಾನು ನೋಡುದು."

ಅವನು ಪಿನ್ ತೂರಿಸಿ ಎರಡೂ ತುದಿ ಮಡಚಿದ. ಅವಳು ಎಳೆದು ನೋಡಿದಳು. ಅಲುಗಲಿಲ್ಲ. ವೆಂಕಟ್ರಮಣ ಟಾರ್ಚ್ ಬೆಳಕು ಬಿಟ್ಟು ನೋಡಿ ಸಹಿ ಹಾಕಿದರು.

"ಇನ್ನು ಹತ್ತಿ," ಎಂದಳು.

"ನಾನಾ?"

"ಪಿನ್ ಹಾಕಿದವರೇ ಕೂತು ನೋಡ್ಬೇಕು."

"ನಂಗೆ ಹೆದರಿಕೆ."

"ನಂಗೂ. ಆದ್ರೆ ನೀವಿಲ್ಲದ ಭಾನುವಾರ ಇನ್ನೂ ಕಷ್ಟ..."

ಮಂಜಿನಿಂದ ಮೇಲೆದ್ದಾಗ ಇಡೀ ಪುತ್ತೂರು ಬಿಳಿ ನಿದ್ದೆಯಲ್ಲಿತ್ತು. ಇಳಿಯುವಾಗ ಎರಡೂ ಗಾಲಿಗಳು ಒಟ್ಟಿಗೇ ನೆಲ ಮುಟ್ಟಿದವು. ಎಂಜಿನ್ ನಿಂತಿತು.

"ಪರಿಚಯ ಆಮೇಲೆ ಮಾಡುವ ಅಂದಿದ್ರಿ," ಎಂದಳು.

ಅವನು ತನ್ನ ಕೈಗಳನ್ನು ನೋಡಿಕೊಂಡ.

"ಕೌಶಲ್. ನಿಮ್ಮನ್ನು ಪ್ರೀತಿಸುವವ. ತಂತಿ ಸುತ್ತುದು ಬಿಟ್ಟಿದ್ದೇನೆ."

ದೀಕ್ಷಿತಾ ಅವನ ಗ್ರೀಸಿನ ಕೈ ಹಿಡಿದಳು.

"ಭಾನುವಾರ ಬಾ. ಅಮ್ಮನ ಮಿಕ್ಸಿ ಹಾಳಾಗಿದೆ."