ಲೋಕ ಸುತ್ತಿದ ಹೆಪ್ಪಿನ ಗಾಡಿ

ಬೆಟ್ಟಗಳಿಗೆ ಇನ್ನೂ ರೆಕ್ಕೆಯಿದ್ದ ಕಾಲದಲ್ಲಿ ಹಾಲುಹೊಳೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಬೆಳಗಾದರೆ ಮನೆಮನೆಯಲ್ಲೂ ಮೊಸರು ಕಡೆಯುವ ಸದ್ದು. ಗುಡ್ಡದ ಮೇಲಿದ್ದ ಮಂತ್ರವಾದಿ ಕಹಿಕಂಠನಿಗೆ ಮೊದಲೇ ನಿದ್ದೆ ಬಾರದು. ಆ ಸದ್ದು ಕೇಳಿ ಕೇಳಿ ತಲೆ ಕೆಟ್ಟು, ಒಂದು ದಿನ ತನ್ನ ಮಾಯಾಶಂಖ ಊದಿಬಿಟ್ಟ. ಸುತ್ತಲ ನಾಡಿನ ಹೆಪ್ಪೆಲ್ಲ ಹೊಗೆಯಾಗಿ ಹಾರಿ ಶಂಖ ಸೇರಿತು. ಹೆಪ್ಪಿಲ್ಲದೆ ಹಾಲು ಮೊಸರಾಗುವುದು ಹೇಗೆ?

ದೊಡ್ಡವರು ಹೇಗೋ ಉಂಡರು. ತಬ್ಬಲಿ ಮಕ್ಕಳ ಮನೆಯಲ್ಲಿ ನಿಂಗಿ ಅಂತ ಪುಟ್ಟ ಹುಡುಗಿ ಇದ್ದಳು. ಮೊಸರನ್ನ ಬಿಟ್ಟು ಬೇರೇನೂ ಅವಳ ಗಂಟಲಲ್ಲಿ ಇಳಿಯದು. ದಿನದಿನಕ್ಕೆ ದೀಪದ ಬತ್ತಿಯ ಹಾಗೆ ಸಣ್ಣಗಾದಳು.

"ಲೋಕ ಸುತ್ತಿ ಈ ಮಕ್ಕಳಿಗೆ ಒಂದು ಚಮಚ ಹೆಪ್ಪು ಬೇಡಿ ತರುವವರು ಯಾರು?" ಅಂತ ರಾಜ ಕೇಳಿದ.

ಸೇನಾಪತಿ ಮೀಸೆ ಸವರಿಕೊಂಡ. "ಯುದ್ಧಕ್ಕೆ ಹೋಗು ಅನ್ನಿ, ಹೋಗ್ತೀನಿ. ಬಟ್ಟಲು ಹಿಡಿದು ಬೇಡೋದು ನನ್ನ ಕೈಲಾಗದು ಸ್ವಾಮಿ."

ಕೊನೆಗೆ ಹೊರಟವರು ಮೂರು ಜನ. ಮಕ್ಕಳ ಮನೆಯಲ್ಲಿ ಅಡುಗೆ ಮಾಡುವ ದ್ಯಾವಕ್ಕ, ಅವಳ ಬಾಯಿ ನಿದ್ದೆಯಲ್ಲೂ ಸುಮ್ಮನಿರದು. ಬಡಗಿ ಬೋರಣ್ಣ, ಅವನು ಮಾಡಿದ ಗಾಡಿಗೆ ಒಂದು ಗಾಲಿ ದೊಡ್ಡದು, ಒಂದು ಚಿಕ್ಕದು. ಮೂರನೆಯವನು ಯುವರಾಜ ಸುಕೇತು, ಹಲ್ಲಿ ಲೊಚಗುಟ್ಟಿದರೂ ಮಂಚ ಹತ್ತುವವನು. ಗಾಡಿ ಎಳೆಯಲು ಎತ್ತುಗಳು ಒಪ್ಪಲಿಲ್ಲ. ಕೆಂಚಿ ಅನ್ನೋ ಹಸು ಒಪ್ಪಿತು, ದಾರಿಯುದ್ದಕ್ಕೂ ಹೊಗಳುತ್ತಾ ಇರಬೇಕು ಅಷ್ಟೆ.

"ಈ ಗಾಡಿ ಒಂದೇ ಕಡೆಗೆ ತಿರುಗ್ತದಲ್ಲೋ ಬೋರ" ಅಂದಳು ದ್ಯಾವಕ್ಕ.

"ಲೋಕ ಸುತ್ತೋಕೆ ತಾನೆ ಹೊರಟಿರೋದು? ಸುತ್ತೋ ಗಾಡೀನೇ ಬೇಕು ಕಣಕ್ಕ. ಸುತ್ತಿ ಸುತ್ತಿ ಮನೆ ಬಾಗಿಲಿಗೇ ಬಂದು ನಿಲ್ತದೆ."

"ನಾನು ಯಾಕೆ ಬರ್ತಿದ್ದೀನಿ?" ಅಂದ ಸುಕೇತು.

"ನಿಂಗಿ ನಿಮ್ಮ ಬೆರಳು ಹಿಡ್ಕೊಂಡು ಕೇಳಿದಳಲ್ಲ ಚಿಕ್ಕದೊರೆ. ಆಗಲ್ಲ ಅನ್ನೋಕೂ ನಿಮಗೆ ಹೆದರಿಕೆ" ಅಂದಳು ದ್ಯಾವಕ್ಕ.

"ಕೆಂಚವ್ವ, ನಿನ್ನ ಕೋಡೇ ಕೋಡು" ಅಂದರು. ಗಾಡಿ ಹೊರಟಿತು.

ಮೋಡದ ಸೇತುವೆ ದಾಟಿತು, ಉಪ್ಪಿನ ಕಾಡು ದಾಟಿತು. ಲೋಕದ ಆಚೆ ತುದಿಯಲ್ಲಿ ಚಂದ್ರನಿಗೆ ಸುಣ್ಣ ಬಳಿಯುವ ಮುದುಕಿ ಒಂದು ಚಮಚ ಹೆಪ್ಪು ಕೊಟ್ಟಳು. "ದಾರಿಯಲ್ಲಿ ಯಾರು ಕೇಳಿದರೂ ಇಲ್ಲ ಅನ್ನಬೇಡಿ ಮಕ್ಕಳೇ" ಅಂದಳು. ಕೆಂಚಿಯ ಹಾಲಿಗೆ ಆ ಹೆಪ್ಪು ಹಾಕಿ, ಗಡಿಗೆ ತುಂಬಿಸಿಕೊಂಡು ಮುಂದೆ ಹೊರಟರು.

ರೆಕ್ಕೆಯ ಹುಲಿ ಅಡ್ಡ ಬಂತು. "ಮರಿಗೆ ಹೊಟ್ಟೆನೋವು. ಹೆಪ್ಪು ಕೊಡ್ತೀರೋ, ನಿಮ್ಮನ್ನೇ ತಿನ್ನಲೋ?" ಸುಕೇತು ಗಡಗಡ ನಡುಗಿದ, ಕಣ್ಣು ಮುಚ್ಚಿಕೊಂಡ, ಒಂದು ಚಮಚ ಕೊಟ್ಟ.

ಎರಡು ತಲೆಯ ಹಾವು ಅಡ್ಡ ಬಂತು. "ನನಗೆ ಮೊದಲು" ಅಂತ ಒಂದು ತಲೆ, "ನನಗೆ" ಅಂತ ಇನ್ನೊಂದು. ಸುಕೇತು ಗಡಗಡ ನಡುಗಿದ, ಕಣ್ಣು ಮುಚ್ಚಿಕೊಂಡ, ಎರಡು ಚಮಚ ಕೊಟ್ಟ.

ಊರ ಹತ್ತಿರ ಕಲ್ಲಿನ ದೈತ್ಯ ಅಡ್ಡ ಬಂದ. "ನನ್ನನ್ನು ಕಂಡು ಎಲ್ಲರೂ ಓಡ್ತಾರೆ, ಯಾರೂ ಹೆಪ್ಪು ಕೊಡಲ್ಲ" ಅಂತ ಅತ್ತ. ಸುಕೇತು ನಡುಗಿದ, ಆದರೆ ಈ ಸಲ ಕಣ್ಣು ಬಿಟ್ಟುಕೊಂಡೇ ಕೊಟ್ಟ.

ಊರ ಬಾಗಿಲಲ್ಲಿ ಕಹಿಕಂಠ ಕಾದಿದ್ದ. ಶಂಖ ಊದಿದ. ಗಡಿಗೆಯ ಹೆಪ್ಪೆಲ್ಲ ಹೊಗೆಯಾಗಿ ಹೋಯಿತು.

ದ್ಯಾವಕ್ಕನ ಬಾಯಿ ಮೊದಲ ಸಲ ಕಟ್ಟಿತು. "ನಿಂಗಿಗೆ ಏನಂತ ಹೇಳಲಿ?" ಅಂತ ಬೋರಣ್ಣ ಕೂತುಬಿಟ್ಟ.

"ಹೆಪ್ಪು ಎಲ್ಲಿ ಹೋಗಿದೆ? ಮೂರು ಮನೆಗೆ ಕೊಟ್ಟಿದ್ದೀವಲ್ಲ" ಅಂದವನೇ ಸುಕೇತು ಒಬ್ಬನೇ ಕಾಡಿಗೆ ಓಡಿದ.

ದೈತ್ಯ ಬಾನಿ ತುಂಬ ಮೊಸರು ಹೊತ್ತು ತಂದ. ಕಹಿಕಂಠ ಊದಿದ, ಅದೂ ಶಂಖ ಸೇರಿತು. ಶಂಖ ಕುಂಬಳಕಾಯಿಯಷ್ಟು ಉಬ್ಬಿತು. ಹಾವು ಎರಡು ಗಡಿಗೆ ತಂದಿತು. ಊದಿದ, ಶಂಖ ಕಣಜದಷ್ಟಾಯಿತು. ಹುಲಿ ಹಾರಿ ಬಂದು ಕೊಪ್ಪರಿಗೆ ಇಳಿಸಿತು. ಊದಿದ, ಶಂಖ ಫಟ್ ಅಂತ ಒಡೆದೇ ಹೋಯಿತು. ಕದ್ದ ಹೆಪ್ಪೆಲ್ಲ ಹಾರಿ ಅವರವರ ಮನೆಯ ಗಡಿಗೆಗೆ ಬಿತ್ತು.

ಕಹಿಕಂಠ ತಲೆಯ ಮೇಲೆ ಕೈಹೊತ್ತು ಕೂತ. ದ್ಯಾವಕ್ಕ ನೋಡಿದಳು. "ಬಾರಪ್ಪ, ನಿದ್ದೆಗೆಟ್ಟ ಮುಖ ನಿಂದು" ಅಂತ ಒಂದು ಚೊಂಬು ತಣ್ಣನೆ ಮಜ್ಜಿಗೆ ಕೊಟ್ಟಳು. ಕುಡಿದವನು ಅಲ್ಲೇ ಗಾಡಿಗೆ ಒರಗಿ ಗೊರಕೆ ಹೊಡೆದ. ಆಮೇಲೆ ಅವನಿಗೆ ಮಂತ್ರ ಬೇಕಾಗಲಿಲ್ಲ, ದಿನಾ ಒಂದು ಚೊಂಬು ಮಜ್ಜಿಗೆ ಸಾಕಾಯಿತು.

ನಿಂಗಿ ಸುಕೇತುವಿನ ತೊಡೆಯ ಮೇಲೆ ಕೂತು ಮೊಸರನ್ನ ಉಂಡಳು, ಮೊಣಕೈವರೆಗೂ ನೆಕ್ಕಿದಳು. "ಇನ್ನೊಂಚೂರು" ಅಂದಳು. ಅಷ್ಟರಲ್ಲಿ ಹಲ್ಲಿ ಲೊಚಗುಟ್ಟಿತು. ಸುಕೇತು ಕೂತಲ್ಲಿಂದ ಏಳಲಿಲ್ಲ.

ಎಲ್ಲರೂ ಸುಖವಾಗಿದ್ದರು. ಚಂದ್ರನ ಮುದುಕಿಯ ಆ ಹೆಪ್ಪು ಮನೆಯಿಂದ ಮನೆಗೆ ಇವತ್ತಿಗೂ ನಡೀತಾನೇ ಇದೆ. ನಾಳೆ ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದರೆ, ಇಲ್ಲ ಅನ್ನಬೇಡಿ.