ಅಹವಾಲಿನ ಕುರಿದೊಗಲು

ಶನಿವಾರ ಬೆಳಗಿನ ನಮಾಜು ಮುಗಿದು ಸ್ವಲ್ಪ ಹೊತ್ತಿಗೆಲ್ಲ ಹಾಜಿ ತೈಬಿಯವರಿಗೆ ಚಹಾ ಬಗ್ಗಿಸುವ ಮಿಮೂನ್ ಫೆಸ್ ನಗರದ ಹಳೇಪೇಟೆಯ ಠಾಣೆಗೆ ಓಡಿ ಬಂದ. ಏದುಸಿರು ಬಿಡುತ್ತಿದ್ದ. ಕಾನ್‌ಸ್ಟೆಬಲ್ ಬೂಷ್ತ ನೀರು ಕುಡಿಸಿದ.

"ನಮ್ಮ ಹಾಜಿಯವರನ್ನ ಕೊಂದುಬಿಟ್ಟವ್ರೆ, ಸಾಹೇಬ್ರೆ."

ಇನ್ಸ್‌ಪೆಕ್ಟರ್ ಸ್ಕಲ್ಲಿಯವರ ಬೆರಳಲ್ಲಿ ಜಪಮಾಲೆ ನಿಂತಿತು. ಹಾಜಿ ತೈಬಿ ಎಂದರೆ ಚರ್ಮ ಹದಮಾಡುವವರ ಅಮೀನರು, ಆ ಕಸುಬಿಗೇ ಹಿರಿಯರು. ಕೆಲಸಗಾರನ ಮೇಲೆ ಯಾವ ಮಾಲೀಕ ದೂರು ತಂದರೂ ಕುರಿದೊಗಲು ಹಾಸಿ, ಇಬ್ಬರನ್ನೂ ಕೂರಿಸಿ, ಚಹಾ ಕೊಟ್ಟು, ಇಬ್ಬರ ಮಾತೂ ಮುಗಿಯುವ ತನಕ ಕೇಳುತ್ತಿದ್ದರು. ಕೇಳದೆ ಒಬ್ಬನನ್ನೂ ಕೆಲಸದಿಂದ ತೆಗೆಯಲು ಬಿಟ್ಟವರಲ್ಲ ಎಂದೇ ಊರಿನ ಮಾತು. ಅಂಥವರ ಮೇಲೆ ಕೈ ಎತ್ತಲು ಯಾರಿಗೆ ಮನಸ್ಸು ಬಂತು?

ಎಫ್‌ಐಆರ್ ದಾಖಲಿಸಿ ಏಳೂವರೆಗೆ ಹಾಜಿ ಅಹವಾಲು ಕೇಳುತ್ತಿದ್ದ ಕೋಣೆಗೆ ಹೋದರು. ಹಾಜಿ ಅದೇ ತೊಗಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಪಕ್ಕದಲ್ಲಿ ಸಕ್ಕರೆ ಅಚ್ಚು ಒಡೆಯುವ ಹಿತ್ತಾಳೆ ಸುತ್ತಿಗೆ, ರಕ್ತ ಮೆತ್ತಿತ್ತು.

ಹೊರಗೆ ಜನ ಚರ್ಮದ ಕೆಲಸಗಾರ ಜಲ್ಲೂಲನನ್ನು ಹಿಡಿದು ನಿಲ್ಲಿಸಿದ್ದರು. ತೊಗಲು ಕೆಡಿಸಿದನೆಂದು ಮಾಲೀಕ ಕೊಟ್ಟಿದ್ದ ದೂರಿನ ಮೇಲೆ ಇವತ್ತು ಅವನದೇ ವಿಚಾರಣೆ ಇತ್ತು.

"ಇವನದೇ ಕೆಲಸ ಸಾರ್, ಒಳಗೆ ಹಾಕೋಣ," ಎಂದ ಬೂಷ್ತ.

"ಅವನ ಮಾತು ಕೇಳಿದ್ಯಾ?"

"ಕೇಳೋದೇನಿದೆ?"

"ಹಾಜಿಯ ಹೆಣ ಇನ್ನೂ ಇಲ್ಲೇ ಇದೆಯಲ್ಲಯ್ಯ. ಅದರೆದುರಿಗೇ ಈ ಮಾತಾ?"

ಜಲ್ಲೂಲ್ ಹಿಡಿದವರ ಕೈಯಿಂದ ಕೊಸರಿಕೊಂಡ. "ನನ್ನ ಮಾತು ಕೇಳೋರು ಈ ಊರಲ್ಲಿ ಅವರೊಬ್ಬರೇ ಸಾಹೇಬ್ರೆ. ಅವರನ್ನೇ ಕೊಂದು ಇನ್ಯಾರ ಹತ್ರ ಹೇಳ್ಕೊಳ್ಳಲಿ?"

ಪಂಚನಾಮೆ ಶುರುವಾಯಿತು. ಕೆಟಲು ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಗೂಡಿನಲ್ಲಿ ಮೂರು ಗಾಜಿನ ಲೋಟ ಬೋರಲಾಗಿದ್ದವು. ಒಂದು ಒಣಗಿತ್ತು. ಎರಡರ ಬಾಯಲ್ಲಿ ಇನ್ನೂ ನೀರು.

"ನೀನು ಬಂದಾಗ ಏನೇನು ಮುಟ್ಟಿದೆ, ಮಿಮೂನ್?" ಸ್ಕಲ್ಲಿ ಕೇಳಿದರು.

"ಏನೂ ಇಲ್ಲ. ಒಲೆ ಹಚ್ಚೋಕೆ ಮುಂಚೇನೇ ನೋಡ್ದೆ, ಓಡಿ ಬಂದೆ."

ಸ್ಕಲ್ಲಿ ಬೂಷ್ತನನ್ನು ಹತ್ತಿರ ಕರೆದರು. "ಒಲೆ ಹಚ್ಚಿಲ್ಲ ಅಂತಾನೆ, ಕೆಟಲು ಬೆಚ್ಚಗಿದೆ. ದಿನಾ ತೊಳೆಯೋ ಕೈ ಅಲ್ಲದಿದ್ರೆ, ಕೊಂದವನು ಎಂಜಲು ಲೋಟ ತೊಳೆದು, ಬೋರಲು ಹಾಕಿ ಹೋಗ್ತಾನೇನಯ್ಯ?"

ಬೂಷ್ತ ಲೋಟಗಳನ್ನು ನೋಡಿದ, ಮಿಮೂನನ ಕೈ ನೋಡಿದ. "ಯಾ ರಬ್ಬಿ, ದೇವರೇ! ಇವನಾ?"

ಠಾಣೆಯಲ್ಲಿ ಸ್ಕಲ್ಲಿ ಮಿಮೂನನನ್ನು ಎದುರಿಗೆ ಕೂರಿಸಿ, ತಾವೇ ಎರಡು ಲೋಟ ಚಹಾ ಬಗ್ಗಿಸಿ, ಒಂದನ್ನು ಅವನಿಗೆ ಕೊಟ್ಟರು. ಸುಣ್ಣದಲ್ಲಿ ಬೆಂದು ಮುರುಟಿದ ಬೆರಳುಗಳಿಂದ ಲೋಟ ಹಿಡಿದು ಅವನು ಒಂದು ಗುಟುಕು ಕುಡಿದ.

"ಹೇಳು. ಮುಗಿಯೋ ತನಕ ಕೇಳ್ತೀನಿ."

"ಕುಡಿದು ತೊಗಲು ನೆನೆಹಾಕೋ ಸುಣ್ಣದ ಗುಂಡಿಗೆ ಬಿದ್ದೆ ಅಂತ ಮಾಲೀಕ ಕೆಲಸದಿಂದ ತೆಗೆದ. ಆಗಿನ್ನೂ ನಂಗೆ ಮೀಸೆ ಸರಿಯಾಗಿ ಬಂದಿರ್ಲಿಲ್ಲ. ನಾನು ಹೆಂಡ ಮುಟ್ಟಿದೋನಲ್ಲ ಸಾಹೇಬ್ರೆ. ಹಾಜಿ ಕನಿಕರಪಟ್ಟು ಚಹಾದ ಕೆಲಸ ಕೊಟ್ರು. ಏನಾಯ್ತು ಅಂತ ಮಾತ್ರ ಕೇಳ್ಲಿಲ್ಲ. ಆಮೇಲೆ ಊರೋರ ಅಹವಾಲೆಲ್ಲ ನಾನು ನಿಂತ್ಕೊಂಡು ಕೇಳಿದ್ದೇ ಕೇಳಿದ್ದು. ಇವತ್ತು ಧೈರ್ಯ ಮಾಡಿ, ಜಲ್ಲೂಲ ಬರೋಕೆ ಮುಂಚೆ ನಂದೂ ಕೇಳಿ ಅಂದೆ. ಕೂತ್ಕೋ ಅಂದ್ರು. ಎರಡು ಲೋಟ ಬಗ್ಗಿಸ್ದೆ. ಕುಡಿದು ನಕ್ಕರು. 'ನೀನೂ ಇಲ್ಲಿ ಕೂತ್ರೆ ಚಹಾ ಬಗ್ಗಿಸೋರು ಯಾರೋ ಮಿಮೂನ್?' ಅಂದ್ರು. ಸುತ್ತಿಗೆ ಕೈಲೇ ಇತ್ತು."

ಹನ್ನೊಂದಕ್ಕೆ ದಸ್ತಗಿರಿ ದಾಖಲಾಯಿತು. ಜಲ್ಲೂಲನನ್ನು ಬಿಟ್ಟರು. ಅವನು ಮನೆಗೆ ಹೋಗದೆ ಠಾಣೆಯ ಮೆಟ್ಟಿಲ ಮೇಲೇ ಕೂತ.

ಚಹಾ ಮುಗಿದಿತ್ತು. ಮಿಮೂನ್ ಎದ್ದು ಎರಡೂ ಎಂಜಲು ಲೋಟಗಳಿಗೆ ಕೈ ಚಾಚಿದ, ತೊಳೆಯಲೆಂದು. ಸ್ಕಲ್ಲಿ ಅವನ ಮಣಿಕಟ್ಟು ಹಿಡಿದರು.

"ಇರಲಿ ಬಿಡು."

ಅವನನ್ನು ಒಳಗೆ ಕರೆದೊಯ್ದ ಮೇಲೆ ಲೋಟಗಳನ್ನು ಅವರೇ ತೊಳೆದಿಟ್ಟರು.